ಮಡಿಗೆ ಬಾರದ ಹಲ್ಲು

ನನ್ನ ಮೇಲಿನ ಸಾಲಿನ ಹಲ್ಲು ಪೂರ್ತಿ ಉದುರುವ ಹೊತ್ತಿಗೆ ನಮ್ಮ ಯಜಮಾನರ ಬಾಯಿಗೆ ಹೊಸ ಹಲ್ಲು ಬಂದು ಒಂದು ವರ್ಷವಾಗಿತ್ತು. ತೆಗೆದು ಹಾಕುವ ಸೆಟ್ ಅಲ್ಲ, ದವಡೆಯ ಎಲುಬಿಗೇ ಸ್ಕ್ರೂ ಹಾಕಿ ಕೂರಿಸಿದವು. ಅದಕ್ಕಾಗಿ ನಮ್ಮೂರು ಇಂಡಿಯಿಂದ ಸೊಲ್ಲಾಪುರಕ್ಕೆ ಏಳು ಸಲ ಓಡಾಡಿದೆವು. ಏಳು ಸಲವೂ ಮೊಸರನ್ನದ ಡಬ್ಬಿ ಹಿಡಿದುಕೊಂಡು ಹಿಂದೆ ಹೋದವಳು ನಾನೇ.

ಸೆಟ್ ಯಾಕೆ ಬೇಡ ಎಂದು ಅಲ್ಲಿಯ ಡಾಕ್ಟರು ಕೇಳಿದಾಗ ಇವರು ಕೊಟ್ಟ ಕಾರಣ ನನಗೆ ಬಾಯಿಪಾಠವಾಗಿದೆ.

"ನಂದು ದಿನಾ ಪೂಜಿ ಅದರಿ. ತಗದು ಹಾಕೂದಂದ್ರ ಎಂಜಲ ಆಗ್ತದ. ಎಂಜಲ ಬಾಯಾಗಿಟಗೊಂಡು ದೇವರ ಮುಂದ ಹ್ಯಾಂಗ ಕೂಡ್ಲಿ? ಒಮ್ಮೆ ಕೂಡಿಸಿಬಿಟ್ರ ಅದು ನಮ್ಮ ಬಾಯಿದೇ ಆತಲ್ಲ."

ಮನೆಯಲ್ಲಿ ಮಡಿ ಅಂಥದ್ದು. ಆದ್ದರಿಂದ ನನ್ನ ಸರದಿ ಬಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ಪೂಜೆ ಅವರದಾದರೆ ಮಡಿ ಅಡಿಗೆ ನನ್ನದು. ಅದೇ ನ್ಯಾಯ ನನಗೂ ಆಗುತ್ತದೆ ಅಂದುಕೊಂಡೆ. ಊರಲ್ಲೇ ಇರುವ ಹಲ್ಲಿನ ಡಾಕ್ಟರು ನಾನು ಕಲಿಸಿದ ಶಾಲೆಯಲ್ಲೇ ಓದಿದ ಹುಡುಗಿ. ಅವಳು ಎಕ್ಸ್‌ರೇ ಫಿಲ್ಮು ನೋಡಿ ಬಿಚ್ಚಿ ಹೇಳಿದಳು.

"ಎಲುಬು ಇನ್ನ ಗಟ್ಟಿ ಐತ್ರಿ ಅಕ್ಕೋರ. ಸ್ಕ್ರೂ ಹಾಕಾಕ ಬರ್ತೈತಿ. ಸೆಟ್ ಹಾಕ್ಕೊಂಡು ಕುಂತ್ರ ಎಲುಬು ಸವಕೊಂತ ಹೋಗ್ತೈತಿ. ಆಮ್ಯಾಲೆ ಬೇಕಂದ್ರ ಕಷ್ಟ ಆಗ್ತೈತಿ."

ಮನೆಗೆ ಬಂದು ಹೇಳಿದೆ. ಇವರು ಊಟಕ್ಕೆ ಕೂತಿದ್ದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಹೊಸ ಹಲ್ಲಿನಲ್ಲಿ ರೊಟ್ಟಿ ಮುರಿಯುವ ಸಪ್ಪಳ ಪಡಸಾಲೆಯವರೆಗೆ ಕೇಳುತ್ತಿತ್ತು.

"ನಿನಗ್ಯಾಕ ಅಷ್ಟೆಲ್ಲಾ? ಸೆಟ್ ಹಾಕಿಸ್ಕೊ."

"ಮಡಿಗೆ ಹ್ಯಾಂಗರಿ?"

"ಮಡಿಯೊಳಗಿದ್ದಾಗ ತಗದಿಟ್ರಾತು. ಅಡಿಗಿ ಏನ ಹಲ್ಲಿಲೆ ಮಾಡ್ತಾರೇನು?"

ಪೂಜೆಯನ್ನೂ ಯಾರೂ ಹಲ್ಲಿನಿಂದ ಮಾಡುವುದಿಲ್ಲ. ಆದರೆ ಆ ಮಾತು ನನಗೆ ಹೊಳೆದದ್ದು ಪಾತ್ರೆ ತೊಳೆಯುವಾಗ. ನನ್ನ ಪಿಂಚಣಿ ನನಗೆ ಬರುತ್ತದೆ, ಬಸ್ ಹತ್ತಿ ಹೋದರೆ ತಡೆಯುವವರು ಯಾರೂ ಇರಲಿಲ್ಲ. ಆದರೂ ನಾನು ಹೂಂ ಅಂದೆ. ಅವರ ಮೇಲಿನ ಸಿಟ್ಟಿಗಿಂತ ಆ ಒಂದು ಹೂಂ ನನ್ನನ್ನು ಹೆಚ್ಚು ಸುಡುತ್ತದೆ.

ಸೆಟ್ ಬಂದ ಮೇಲೆ ಮೊದಲು ಬಂದದ್ದು ಅತ್ತೆಯವರ ಶ್ರಾದ್ಧ. ಸ್ನಾನ ಮಾಡಿ ಹಲ್ಲು ತೆಗೆದು ಡಬ್ಬಿಯಲ್ಲಿಟ್ಟು ಒಲೆಯ ಮುಂದೆ ನಿಂತೆ. ಸಿಂದಗಿಯಿಂದ ಭಾವನವರು, ಅಂದರೆ ಇವರ ಅಣ್ಣ, ಬಂದಿದ್ದರು. ಬಡಿಸುವಾಗ ಅವರಿಗೆ ಏನೋ ಕೇಳಿದೆ. ಹಲ್ಲಿಲ್ಲದ ಬಾಯಲ್ಲಿ ಗಾಳಿಯೇ ಹೆಚ್ಚು ಬಂತು. "ಏನಂದಿವಾ?" ಅಂದರು. ಮತ್ತೆ ಹೇಳಿದೆ. ಮತ್ತೆ "ಏನು?" ಅಂದರು. ಕೊನೆಗೆ ಇವರು ನಡುವೆ ಬಾಯಿ ಹಾಕಿ, "ವಡಿ ಹಾಕ್ಲೇನು ಅಂತ ಕೇಳ್ತಾಳ" ಎಂದು, ಕಿವುಡರಿಗೆ ಹೇಳುವ ಹಾಗೆ ಕೂಗಿ ತಿಳಿಸಿದರು. ಎಲೆ ಮುಂದೆ ಕೂತವರೆಲ್ಲ ನಕ್ಕರು. ಮೂವತ್ತು ವರ್ಷ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಮಾಡಿದವಳು ನಾನು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ಬಡಿಸಿದೆ.

ಎರಡು ವರ್ಷ ಹಾಗೇ ನಡೆಯಿತು. ಹಬ್ಬ ಬಂದರೆ, ತಿಥಿ ಬಂದರೆ ನನ್ನ ಹಲ್ಲು ಗೋಡೆಗೂಡಿನ ಡಬ್ಬಿಯಲ್ಲಿ, ನಾನು ಒಲೆಯ ಮುಂದೆ. ಸಾಕಾಗಿ ಒಂದು ದಿನ ಯಾರಿಗೂ ಹೇಳದೆ ಡಾಕ್ಟರ ಹುಡುಗಿಯ ಬಳಿ ಹೋಗಿ, ನನಗೂ ಸ್ಕ್ರೂ ಹಾಕಿಬಿಡು ಅಂದೆ. ಅವಳು ಹೊಸ ಫಿಲ್ಮು ತೆಗೆದಳು. ಹಳೆಯದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು.

"ಎಲುಬು ಸವದೈತ್ರಿ ಅಕ್ಕೋರ. ಬ್ಯಾರೆ ಎಲುಬು ತುಂಬಿ ಮಾಡಬೇಕಾಗ್ತೈತಿ. ನಿಮ್ಮ ಸಕ್ಕರಿ ಕಾಯಿಲಿಗೆ ನಾ ಅದನ್ನ ಮಾಡಸ್ಕೋರಿ ಅನ್ನೂದಿಲ್ಲ."

ಅವತ್ತೇ ಹೇಳಿದ್ದೆನಲ್ಲ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಅಳುತ್ತಿದ್ದೆನೋ ಏನೋ.

ಈ ವರ್ಷದ ಶ್ರಾದ್ಧಕ್ಕೆ ಒಂದು ತಿಂಗಳು ಮೊದಲೇ ನಿರ್ಧಾರ ಮಾಡಿದೆ. ಹಲ್ಲು ತೆಗೆಯುವುದಿಲ್ಲ. ಯಾರಾದರೂ ಕೇಳಿದರೆ, ನಿಮ್ಮ ಬಾಯಲ್ಲಿ ಮಡಿಯಾದದ್ದು ನನ್ನ ಬಾಯಲ್ಲಿ ಎಂಜಲು ಹೇಗಾಯಿತು ಎಂದು ಎಲ್ಲರೆದುರಿಗೇ ಕೇಳಬೇಕು. ಪಾತ್ರೆ ತೊಳೆಯುತ್ತ ಆ ಮಾತನ್ನು ಎಷ್ಟು ಸಲ ತಿದ್ದಿದ್ದೆನೋ. ಅತ್ತೆಯವರ ಹೆಸರಿನ ಅಡಿಗೆ, ಮನಸ್ಸು ಅಳುಕಲಿಲ್ಲವೆಂದರೆ ಸುಳ್ಳು. ಅಳುಕುತ್ತಲೇ ಹಲ್ಲಿಟ್ಟುಕೊಂಡು ಅಡಿಗೆ ಮಾಡಿದೆ.

ಬಡಿಸಲು ಬಂದಾಗ ಸೆರಗು ಬಾಯಿಗೆ ಹಿಡಿಯಲಿಲ್ಲ. "ಭಾವನವರ, ವಡಿ ಹಾಕ್ಲೇನ್ರಿ?" ಅಂದೆ, ಬೇಕೆಂದೇ ಗಟ್ಟಿಯಾಗಿ.

"ಹಾಕವಾ. ಅಡಿಗಿ ಭಾಳ ಛಲೋ ಆಗೇದ" ಅಂದರು, ಎಲೆಯನ್ನೇ ನೋಡುತ್ತ.

ಇವರನ್ನೂ ಕೇಳಿದೆ. ವಡೆ ಸಾಕೆಂದು ಕೈ ಅಡ್ಡ ಹಿಡಿದರು. ನಾನು ಅಲ್ಲೇ, ಎದುರಿಗೇ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಪಾಯಸ ತರಲು ಹೇಳಿದರು.

ಎಲ್ಲರೂ ಉಂಡು ಎದ್ದರು. ಭಾವನವರು ಅಡಿಕೆ ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾದರು. ನಾನು ಒಳಗೆ ನೆಲ ಬಳಿದು ನನ್ನ ಎಲೆ ಹಾಕಿಕೊಳ್ಳುವಾಗ ಇವರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಈಗ ಕೇಳುತ್ತಾರೆ ಅನ್ನಿಸಿ ಮುಖ ಎತ್ತಿದೆ.

"ಎಲ್ಲಾರ್ದೂ ಆತು. ಇನ್ನ ಹಲ್ಲು ಹಾಕ್ಕೊಂಡು ನೀನೂ ಊಟಾ ಮಾಡು" ಅಂದರು.

ಹೂಂರಿ ಅಂದೆ.