ಕೋಟೆ ಆಟದ ದೇವಾನಂದ

ನೆಲಕ್ಕೆ ಹಾಸುವ ಪರಸಿ ಕಲ್ಲಿನ ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರಕ್ಕೆ ದೇವಾನಂದನ ಎಡಗೈ ಸಿಕ್ಕಿದ್ದು 1999ರ ಬೇಸಿಗೆಯಲ್ಲಿ. ಕಿರುಬೆರಳು ಬುಡದಿಂದಲೇ ಹೋಯಿತು, ಅದರ ಪಕ್ಕದ ಬೆರಳು ಅರ್ಧ ಉಳಿಯಿತು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಕಾರ್ಖಾನೆಯವರು ದವಾಖಾನೆಗೆ ಒಯ್ದು ಪಟ್ಟಿ ಕಟ್ಟಿಸಿದರು, ಗಾಯ ಮಾಯ್ದ ಮೇಲೆ ಬಾ ಎಂದರು. ಮಾಯ್ದ ಮೇಲೆ ಹೋದಾಗ ಅವನ ಜಾಗದಲ್ಲಿ ಬೇರೆಯವನು ನಿಂತಿದ್ದ. ತಾಯಿ ಲಾಲಮ್ಮ ಅದೇ ಕಾರ್ಖಾನೆಯ ಅಂಗಳದಲ್ಲಿ ಕಲ್ಲಿನ ಚೂರು ಹೊರುತ್ತಿದ್ದಳು. ಮಗ ಬಂದು ನಿಂತದ್ದನ್ನೂ ತಿರುಗಿ ಹೋದದ್ದನ್ನೂ ನೋಡಿದಳು. ಕೂಲಿಯವರ ಮೇಲಿನ ಮುಕಾದಮನ ಮುಂದೆ ಬಾಯಿ ತೆರೆದರೆ ತನ್ನ ಕೂಲಿಯೂ ಹೋಗುತ್ತದೆಂದು ಬುಟ್ಟಿ ಎತ್ತಿಕೊಂಡು ನಡೆದಳು. ದೇವಾನಂದ ಆಕೆಯನ್ನು ಒಂದು ಮಾತೂ ಕೇಳಲಿಲ್ಲ, ಆದರೆ ಅಂದಿನಿಂದ ಮನೆಯಲ್ಲಿ ಮಾತು ಕಡಿಮೆ ಮಾಡಿದ.

ಸ್ಟೇಷನ್ ರಸ್ತೆಯಲ್ಲಿ ಸಿರಾಜುದ್ದೀನ ಎಂಬಾತ ಹೊಸದಾಗಿ ಕಂಪ್ಯೂಟರ್ ಸೆಂಟರ್ ತೆರೆದಿದ್ದ. ಮುಂಜಾನೆ ಟೈಪಿಂಗ್, ಸಂಜೆ ಆಟ. ಕೆಲಸವಿಲ್ಲದ ದೇವಾನಂದ ಬಿಸಿಲು ತಪ್ಪಿಸಿಕೊಳ್ಳಲು ಅಲ್ಲಿ ಫ್ಯಾನಿನ ಕೆಳಗೆ ನಿಲ್ಲುತ್ತಿದ್ದ. ಒಂದು ದಿನ ಆಡುವವರಲ್ಲಿ ಒಬ್ಬ ಕಡಿಮೆ ಬಿದ್ದಾಗ ಸಿರಾಜುದ್ದೀನನೇ ಅವನನ್ನು ಕರೆದು ಕೂರಿಸಿದ.

ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಶಹಾಬಾದಿನ ಹುಡುಗರ ಬಾಯಲ್ಲಿ ಅದು ಕೋಟೆ ಆಟ. ಒಂದು ಪಾಳು ಕೋಟೆ, ಅದರೊಳಗೆ ಎರಡು ತಂಡ, ಎಲ್ಲರ ಕೈಯಲ್ಲೂ ಬಂದೂಕು. ಅದರಲ್ಲಿ ಯಾರೂ ಓಡುವಂತಿರಲಿಲ್ಲ, ಜಿಗಿಯುವಂತಿರಲಿಲ್ಲ. ಎಲ್ಲರದೂ ಒಂದೇ ನಡಿಗೆ. ಎದುರಾಳಿಯ ಹೆಜ್ಜೆಯ ಸಪ್ಪಳ ಕೇಳಿಸಿಕೊಂಡು, ಅವನು ಯಾವ ಬಾಗಿಲಿಂದ ಬರುತ್ತಾನೆಂದು ತಿಳಿದು, ಅಲ್ಲಿ ಬಂದೂಕು ಹಿಡಿದು ಕಾಯಬೇಕು. ಗೆಲ್ಲುವುದು ಕಾಯಲು ಬಲ್ಲವನು. ಕೀಬೋರ್ಡಿನ ಗುಂಡಿ ಒತ್ತಿ ನಡೆಯಲು ಎಡಗೈಯ ಮೂರು ಬೆರಳು ಸಾಕಾಗುತ್ತಿತ್ತು. ದೇವಾನಂದನಿಗೆ ಅಷ್ಟು ಇದ್ದವು.

ಕೆಲವೇ ತಿಂಗಳಲ್ಲಿ ಅವನನ್ನು ಸೋಲಿಸುವವರು ಊರಲ್ಲಿ ಇಲ್ಲವಾದರು. ವಾಡಿಯಿಂದ, ಚಿತ್ತಾಪುರದಿಂದ ಹುಡುಗರು ರೈಲು ಹತ್ತಿ ಅವನ ಜೊತೆ ಆಡಲು ಬರತೊಡಗಿದರು. ಆಟದ ಎರಡನೆಯ ಭಾಗ ಬಂದಾಗ ಅದರಲ್ಲಿ ಕುಕ್ಕರಗಾಲಲ್ಲಿ ಕೂರುವ, ಗೋಡೆಯ ಅಂಚಿನಿಂದ ಬಾಗಿ ಇಣುಕುವ ಸೌಕರ್ಯ ಸೇರಿತ್ತು. ಅದು ಕಾಯುವವನಿಗೇ ಅನುಕೂಲವಾಗಿ, ದೇವಾನಂದನ ಹೆಸರು ಇನ್ನಷ್ಟು ಬೆಳೆಯಿತು. ಸಿರಾಜುದ್ದೀನ ಅವನನ್ನು ಸಂಬಳಕ್ಕೆ ಇಟ್ಟುಕೊಂಡ. ಬಂದವರಿಗೆ ಆಟ ಕಲಿಸುವುದು, ಸೆಂಟರಿನ ಬಾಗಿಲು ತೆರೆದು ಮುಚ್ಚುವುದು ಅವನ ಕೆಲಸ. ಲಾಲಮ್ಮ ಓಣಿಯವರ ಮುಂದೆ ಮಗ ಕಂಪ್ಯೂಟರ್ ಮಾಸ್ತರ ಆಗಿದ್ದಾನೆ ಎಂದು ಹೇಳಿಕೊಂಡಳು.

ಜೋಡಿ ಆಟದಲ್ಲಿ ಅವನ ಜೊತೆಗಾರ ಸುಜಯ. ಹೈಸ್ಕೂಲು ಮಾಸ್ತರ ಜಯತೀರ್ಥಾಚಾರ್ಯರ ಮಗ, ಆಗ ಕಾಲೇಜು ಓದುತ್ತಿದ್ದ. ಸುಜಯ ಮುಂದೆ ನಡೆದು ಎದುರಾಳಿಗಳನ್ನು ಎಳೆದು ತರುತ್ತಿದ್ದ, ದೇವಾನಂದ ಹಿಂದೆ ನಿಂತು ಹೊಡೆಯುತ್ತಿದ್ದ. ಒಬ್ಬರ ಕೆಮ್ಮಿನಿಂದಲೇ ಇನ್ನೊಬ್ಬರಿಗೆ ಸೂಚನೆ ತಿಳಿಯುತ್ತಿತ್ತು. ಮೂರು ವರ್ಷ ಒಂದೇ ತಟ್ಟೆಯಲ್ಲಿ ಮಿರ್ಚಿ ಭಜಿ ತಿಂದರು. ಅಷ್ಟಾಗಿಯೂ ದೇವಾನಂದ ಸುಜಯನ ಮನೆಯ ಕಟ್ಟೆ ದಾಟಿ ಒಳಗೆ ಹೋದವನಲ್ಲ. ಅವರು ಕರೆಯಲಿಲ್ಲ, ಇವನು ಕೇಳಲಿಲ್ಲ. ಸೆಂಟರಿನ ಒಳಗೆ ಅದರ ನೆನಪೇ ಬರುತ್ತಿರಲಿಲ್ಲ.

2004ರಲ್ಲಿ ಮೂರನೆಯ ಭಾಗ ಬಂತು. ಸಿರಾಜುದ್ದೀನ ಹೈದರಾಬಾದಿನಿಂದ ಅದನ್ನು ತಂದು ಎಲ್ಲ ಕಂಪ್ಯೂಟರಿಗೂ ಹಾಕಿದ. ಈಗ ಆಟದ ಮನುಷ್ಯ ಓಡುತ್ತಿದ್ದ. ಓಡುತ್ತಲೇ ನೆಲದ ಮೇಲೆ ಜಾರಿ ಬಾಗಿಲು ದಾಟುತ್ತಿದ್ದ. ಗೋಡೆಗೆ ಕಾಲು ಕೊಟ್ಟು ಜಿಗಿದು ಮಾಳಿಗೆ ಏರುತ್ತಿದ್ದ, ಗಾಳಿಯಲ್ಲಿದ್ದಾಗಲೇ ಇನ್ನೊಮ್ಮೆ ಜಿಗಿಯುತ್ತಿದ್ದ. ಓಡಲು ಒಂದು ಗುಂಡಿಯನ್ನು ಕಿರುಬೆರಳಿನಿಂದ ಒತ್ತಿ ಹಿಡಿದು, ಜಿಗಿಯಲು ಇನ್ನೊಂದನ್ನು ಹೆಬ್ಬೆರಳಿನಿಂದ ಒತ್ತಬೇಕು. ಮೊದಲ ದಿನ ದೇವಾನಂದ ನಡೆದೇ ಆಡಿದ. ಹುಡುಗರು ಅವನ ತಲೆಯ ಮೇಲಿಂದ ಹಾರಿ ಹೋಗಿ ಹಿಂದಿನಿಂದ ಹೊಡೆದರು. ಹಿಂದಿನ ಎರಡು ಭಾಗಗಳಲ್ಲಿ ಅವನ ಬಂದೂಕಿಗೆ ಎದೆ ಕೊಡಲು ಹೆದರುತ್ತಿದ್ದವರು ಕೇಕೆ ಹಾಕಿ ನಕ್ಕರು.

ಬೆರಳಿಲ್ಲದ್ದಕ್ಕೆ ಹೀಗಾಯಿತೆಂದು ಎಲ್ಲರೂ ಅಂದರು. ದೇವಾನಂದನೂ ಹಾಗೇ ನಂಬಿದ. ನಂಬುವುದರಲ್ಲಿ ಒಂದು ಸಮಾಧಾನವೂ ಇತ್ತು, ತಪ್ಪು ಕಾರ್ಖಾನೆಯದೇ ಆಗಿ ಉಳಿಯುತ್ತಿತ್ತು. ಆದರೆ ಸುಜಯ ಸುಮ್ಮನಿರಲಿಲ್ಲ. ಆಟದ ಒಳಗೆ ಹುಡುಕಾಡಿ ಗುಂಡಿಗಳನ್ನು ಬದಲಿಸುವ ಉಪಾಯ ಕಂಡುಹಿಡಿದ. ಓಡುವುದನ್ನೂ ಜಾರುವುದನ್ನೂ ಬಲಗೈಯ ಮೌಸಿಗೆ ತಂದ, ಜಿಗಿಯುವುದನ್ನು ಎಡಗೈ ಹೆಬ್ಬೆರಳಿಗೇ ಬಿಟ್ಟ. ಈಗ ದೇವಾನಂದ ಎಲ್ಲರಂತೆ ಓಡಬಲ್ಲವನಾದ. ತಿಂಗಳುಗಟ್ಟಲೆ ಮುಂಜಾನೆ, ಟೈಪಿಂಗಿನವರು ಬರುವ ಮೊದಲು, ಇಬ್ಬರೂ ಕುಳಿತು ಅಭ್ಯಾಸ ಮಾಡಿದರು.

ಆದರೂ ಅವನು ಸೋತ. ಕೋಟೆಯೇ ಬದಲಾಗಿತ್ತು. ಹಾರುವವರಿಗೆ ಜಾಗ ಬೇಕೆಂದು ಆಟ ತಯಾರಿಸಿದವರು ಇಕ್ಕಟ್ಟಿನ ಓಣಿಗಳನ್ನು ಒಡೆದು ಅಂಗಳ ಮಾಡಿದ್ದರು, ಪ್ರತಿ ಕೋಣೆಗೂ ಕಿಟಕಿ ಇಟ್ಟಿದ್ದರು, ಮಾಳಿಗೆ ತೆರೆದಿದ್ದರು. ಎದುರಾಳಿ ಬರಬಹುದಾದ ದಾರಿ ಒಂದೆರಡಲ್ಲ, ಎಲ್ಲ ಕಡೆಯೂ ದಾರಿಯೇ. ಸಪ್ಪಳ ಕೇಳಿ ತಿರುಗುವಷ್ಟರಲ್ಲಿ ಅವನು ಅಲ್ಲಿರುತ್ತಿರಲಿಲ್ಲ. ನಿಂತವನು ಸತ್ತ ಎಂಬುದೇ ಹೊಸ ಆಟದ ನಿಯಮ. ದೇವಾನಂದ ಓಡುತ್ತಿದ್ದ, ಆದರೆ ಓಡಿ ಹೋಗಿ ಒಂದು ಮೂಲೆಯಲ್ಲಿ ನಿಂತುಬಿಡುತ್ತಿದ್ದ.

ಒಂದು ಮುಂಜಾನೆ ಸುಜಯ ಕೈ ಕಟ್ಟಿಕೊಂಡು ಬಹಳ ಹೊತ್ತು ನೋಡಿದ.

“ಬೆರಳಿಂದು ಅಲ್ಲೋ ದೇವಾ ಇದು. ನೀ ನಿಂದರಾಕ ಕಲ್ತಿ. ಈ ಆಟದಾಗ ನಿಂದ್ರೋದಕ್ಕ ಕಿಮ್ಮತ್ತೇ ಇಲ್ಲ.”

ಸುಜಯ ಕೆಡುಕಿಗೆ ಹೇಳಿದ್ದಲ್ಲ. ಆದರೆ ಆ ಮಾತಿನಿಂದ ದೇವಾನಂದನ ಹತ್ತಿರವಿದ್ದ ಕೊನೆಯ ನೆಪವೂ ಹೋಯಿತು. ಬೆರಳು ಯಂತ್ರ ತಿಂದದ್ದು, ಅದಕ್ಕೆ ಯಾರನ್ನಾದರೂ ಬೈಯಬಹುದು. ಇದಕ್ಕೆ ಯಾರನ್ನು ಬೈಯುವುದು ಅವನಿಗೆ ತಿಳಿಯಲಿಲ್ಲ. ಎದ್ದು ಹೋಗಿ ಕಸ ಹೊಡೆದ.

ಆ ವರ್ಷದ ದೀಪಾವಳಿ ಮುಗಿದ ಮೇಲೆ ಸೇಡಂನಲ್ಲಿ ಜೋಡಿ ಆಟದ ಪಂದ್ಯ ಇಟ್ಟಿದ್ದರು. ಹಿಂದಿನ ಎರಡು ಸಲ ಗೆದ್ದವರು ಇವರೇ. ಈ ಸಲ ಸುಜಯ ಆ ವಿಷಯ ಎತ್ತಲಿಲ್ಲ. ಅವನಿಗೆ ಪರೀಕ್ಷೆ ಹತ್ತಿರ ಬಂದಿದೆ ಎಂದುಕೊಂಡ ದೇವಾನಂದ, ಸುಮ್ಮನೆ ನೋಡಿ ಬರೋಣವೆಂದು ಒಬ್ಬನೇ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಹೋದ. ಪಂದ್ಯದ ಕೋಣೆಯೊಳಗೆ ಕಾಲಿಟ್ಟಾಗ ಸುಜಯ ಆಡುತ್ತಿದ್ದ. ಪಕ್ಕದಲ್ಲಿ ವಾಡಿಯ ವಿಠ್ಠಲ್ ಇದ್ದ. ಅವನಿಗೆ ಬಂದೂಕು ಹಿಡಿಯುವುದನ್ನು ಕಲಿಸಿದವನು ದೇವಾನಂದನೇ. ಇಬ್ಬರೂ ಒಂದೇ ಸಮನೆ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿದ್ದರು. ದೇವಾನಂದ ಗೋಡೆಗೆ ಒರಗಿ ಪೂರ್ತಿ ನೋಡಿದ. ಅವರು ಚೆನ್ನಾಗಿ ಆಡಿದರು. ತಾನಿದ್ದಿದ್ದರೆ ಗೆಲ್ಲುತ್ತಿರಲಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಅದೇ ಹೆಚ್ಚು ಉರಿಯಿತು.

ಗೆದ್ದು ಹೊರಬಂದ ಸುಜಯ ಅವನನ್ನು ಕಂಡು ನಿಂತ. ಮುಖ ಸಣ್ಣಗಾಯಿತು.

“ನಿಂಗ ಹೇಳಬೇಕಂತಿದ್ದೆ,” ಎಂದ. “ಹೇಳಿದ್ರ ನೀ ಬ್ಯಾಸರ ಮಾಡ್ಕೋತಿದ್ದಿ.”

“ಮಾಡ್ಕೋತಿದ್ದೆ,” ಎಂದ ದೇವಾನಂದ. “ನಿಮ್ಮ ಮನಿ ಒಳಗ ಯಾವತ್ತೂ ಕರೀಲಿಲ್ಲ, ಅದಕ್ಕ ನಾ ಬ್ಯಾಸರ ಮಾಡ್ಕೊಳ್ಳಿಲ್ಲ. ಆಟದಾಗ ನಾವಿಬ್ರೂ ಒಂದೇ ಅಂದ್ಕೊಂಡಿದ್ದೆ. ಇಲ್ಲಿಂದನೂ ಹೊರಗ ಹಾಕಿದಿಯಲ್ಲ.”

ಸುಜಯ ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಏನೋ ಹೇಳಲು ಹೋದ. ದೇವಾನಂದ ನಿಲ್ಲಲಿಲ್ಲ. ಸಂಬಂಧವಿದೆಯೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಆ ಮಾತು ವರ್ಷಗಳಿಂದ ಒಳಗಿತ್ತು, ಅಂದು ಹೊರಬಿತ್ತು.

ಸೆಂಟರಿನಲ್ಲಿ ಅವನ ಹತ್ತಿರ ಕಲಿಯಲು ಈಗ ಯಾರೂ ಬರುತ್ತಿರಲಿಲ್ಲ. ಹಳೆಯ ಭಾಗವನ್ನು ಒಂದು ಕಂಪ್ಯೂಟರಿನಲ್ಲಾದರೂ ಉಳಿಸಬೇಕೆಂದು ಸಿರಾಜುದ್ದೀನನನ್ನು ಬೇಡಿಕೊಂಡ. ಸಿರಾಜುದ್ದೀನ ಒಪ್ಪಿದ. ಆದರೆ ಎದುರಾಳಿಗಳಾಗಿ ಕೂರುವ ಮನುಷ್ಯರೇ ಸಿಗಲಿಲ್ಲ. ಕಂಪ್ಯೂಟರಿನ ಸಿಪಾಯಿಗಳು ದಿನವೂ ಅದೇ ಬಾಗಿಲಿಂದ ಬಂದು ಅದೇ ಜಾಗದಲ್ಲಿ ಸಾಯುತ್ತಿದ್ದರು. ಪರೀಕ್ಷೆಯ ಫಲಿತಾಂಶ ನೋಡಲು ಜನ ಮುಗಿಬಿದ್ದ ಬೇಸಿಗೆಯಲ್ಲಿ ಆ ಕಂಪ್ಯೂಟರೂ ಬೇಕಾಯಿತು. ಆಟ ತೆಗೆದುಹಾಕಿದ ದಿನ ಸಿರಾಜುದ್ದೀನ ಅವನನ್ನು ಎದುರು ಕೂರಿಸಿಕೊಂಡು ಚಹ ತರಿಸಿದ.

“ನೀ ಇದ್ದಿ ಅಂತ ಜನ ಬರ್ತಿದ್ರು ದೇವಾ. ಈಗ ಹಂಗಿಲ್ಲ. ನಾ ಸುಳ್ಳು ಹೇಳಾಂಗಿಲ್ಲ.”

ಚಿತ್ತಾಪುರದಲ್ಲಿ ತಹಶೀಲ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ತನ್ನ ಗೆಳೆಯನ ಹತ್ತಿರ ಸಿರಾಜುದ್ದೀನ ಅವನಿಗೆ ಕೆಲಸವನ್ನೂ ಹೇಳಿಟ್ಟಿದ್ದ. ದೇವಾನಂದ ಕೈಮುಗಿಯಲಿಲ್ಲ, ಬೈಯಲೂ ಇಲ್ಲ. ಚಹ ಕುಡಿದು ಎದ್ದ.

ಚಿತ್ತಾಪುರದಲ್ಲೇ ಮನೆ ಮಾಡಿದ. ನಾಲವಾರದ ಕರುಣಾಳನ್ನು ಮದುವೆಯಾದ. ಲಾಲಮ್ಮ ಮಗನ ಜೊತೆ ಹೋಗಲಿಲ್ಲ, ಕಾರ್ಖಾನೆಯ ಅಂಗಳವನ್ನು ಬಿಡಲಿಲ್ಲ. ಆಟದ ಮಾತನ್ನು ಅವನು ಹೆಂಡತಿಯ ಮುಂದೆ ಎತ್ತಲಿಲ್ಲ. ಕೈ ನೋಡಿ ಕೇಳಿದವರಿಗೆ ಕಾರ್ಖಾನೆಯ ಕತೆ ಹೇಳುತ್ತಿದ್ದ.

2008ರಲ್ಲಿ ಸುಜಯ ಒಂದು ದಿನ ಅಂಗಡಿಗೆ ಬಂದ. ಅವನೀಗ ತಂದೆಯಂತೆ ಮಾಸ್ತರನಾಗಿದ್ದ. ಕೋಟೆ ಆಟದ ನಾಲ್ಕನೆಯ ಭಾಗ ಬಂದಿದೆ, ಹಳಬರು ಗಲಾಟೆ ಮಾಡಿದ್ದಕ್ಕೆ ಆಟ ತಯಾರಿಸಿದವರು ಹಾರುವುದು ಜಿಗಿಯುವುದು ಎಲ್ಲ ತೆಗೆದಿದ್ದಾರೆ, ಮತ್ತೆ ಬರೀ ನಡಿಗೆ ಎಂದು ತಿಳಿಸಿದ. ಹೇಳುವಾಗ ಅವನ ದನಿಯಲ್ಲಿ ಸಾಲ ತೀರಿಸುವವನ ಅವಸರವಿತ್ತು. ದೇವಾನಂದ ಯಂತ್ರದಿಂದ ತಲೆ ಎತ್ತದೆ ಹೇಳಿದ:

“ಅವರಿಗಿ ಬೇಕಾದಾಗ ಓಡಸ್ತಾರ, ಬ್ಯಾಡಾದಾಗ ನಿಂದ್ರಸ್ತಾರ. ನಡುವ ಹೋದವರು ಯಾರು ಅಂತ ಯಾರು ಕೇಳ್ತಾರ?”

ಸುಜಯ ಅಂಗಡಿಯಿಂದ ಹೊರಟು ಹೋದ.

ಆದರೂ ಮುಂದಿನ ಭಾನುವಾರ ದೇವಾನಂದ ವಾಡಿಗೆ ಹೋದ. ತನ್ನನ್ನು ಯಾರೂ ಗುರುತಿಸದ ಒಂದು ಸೆಂಟರ್ ಹುಡುಕಿ ಕುಳಿತ. ಸುಜಯ ಹೇಳಿದ್ದು ನಿಜವಾಗಿತ್ತು. ಇಕ್ಕಟ್ಟಿನ ಓಣಿ, ಒಂದೇ ಬಾಗಿಲು, ಹೆಜ್ಜೆಯ ಸಪ್ಪಳ. ಕೈಗೆ ಎಲ್ಲವೂ ನೆನಪಿತ್ತು. ಎದುರಿಗೆ ಆಡುತ್ತಿದ್ದ ಕಾಲೇಜು ಹುಡುಗರು ಒಬ್ಬೊಬ್ಬರಾಗಿ ಬಿದ್ದರು. ಮತ್ತೆ ಬಂದರು, ಮತ್ತೆ ಬಿದ್ದರು. ಅವರು ಮೂರನೆಯ ಭಾಗದ ಓಟದಲ್ಲೇ ಆಟ ಕಲಿತವರು. ಅವನ ಕಾಯುವಿಕೆ ಅವರಿಗೆ ಅರ್ಥವಾಗಲಿಲ್ಲ, ಸಿಟ್ಟು ತರಿಸಿತು.

“ಈ ಅಂಕಲ್ ಬರೇ ಅಡಗಿ ಕುಂತು ಹೊಡಿಯಾಕತ್ತಾನ,” ಎಂದ ಒಬ್ಬ. “ಬರ್ರಿಲೇ, ಬ್ಯಾರೆ ಆಟ ಹಚ್ಚೋಣು.”

ದೇವಾನಂದನಿಗೆ ಆಗ ಇಪ್ಪತ್ತೆಂಟು. ಹುಡುಗರು ಆ ಆಟ ಮುಚ್ಚಿ ಕಾರು ಓಡಿಸುವ ಆಟ ಹಚ್ಚಿದರು. ಅವನ ಪರದೆಯ ಮೇಲೆ ಕೋಟೆ ಖಾಲಿಯಾಯಿತು. ಯಾರಾದರೂ ತಿರುಗಿ ಬರುತ್ತಾರೇನೋ ಎಂದು ಬಂದೂಕನ್ನು ಬಾಗಿಲಿಗೆ ಹಿಡಿದು ಇನ್ನೂ ಸ್ವಲ್ಪ ಹೊತ್ತು ಕುಳಿತ. ಆಮೇಲೆ ಎದ್ದು ಚಿತ್ತಾಪುರದ ಗಾಡಿ ಹಿಡಿದ. ಎಲ್ಲಿಗೆ ಹೋಗಿದ್ದಿ ಎಂದು ಕರುಣಾ ಕೇಳಿದಾಗ, ವಾಡಿಯಲ್ಲಿ ಒಬ್ಬರು ತೀರಿಕೊಂಡಿದ್ದರು, ಮಣ್ಣಿಗೆ ಹೋಗಿದ್ದೆ ಎಂದ. ಆಕೆ ಸ್ನಾನಕ್ಕೆ ನೀರು ಕಾಯಿಸಲು ಎದ್ದಳು.