ಕಾಗದದ ವೀರ ಮತ್ತು ಅಂಕಲ್‌ನ ಪಕ್ಷ

ವಾದಕ್ಕಿಳಿದರೆ ಅಂಕಲ್ ತಮ್ಮ ಕೆಳದುಟಿಯನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆಯುತ್ತಿದ್ದರು. ನನ್ನ ಮಾತು ಎಲ್ಲೋ ಸಡಿಲವಾಯಿತು ಅನ್ನಿಸಿದ ಕೂಡಲೇ ಪಟ್ಟನೆ ಬಿಡುವರು. ಆ ಸದ್ದು ಕೇಳಿತೆಂದರೆ ನಾನು ಸೋತೆನೆಂದೇ ಅರ್ಥ.

ಸ್ಯಾನ್ ಡಿಯೆಗೊದಲ್ಲಿ ಅವರದು ನಮ್ಮ ಪಕ್ಕದ ಮನೆ. ಧಾರವಾಡದ ಕಡೆಯವರು, ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯೊಂದರಿಂದ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ನಾನು ಹೈಸ್ಕೂಲಿನ ಡಿಬೇಟ್ ಟ್ರೋಫಿ ತೋರಿಸಲು ಹೋದರೆ, "ಇಂಗ್ಲಿಷ್‌ನ್ಯಾಗ ಯಾರಾದ್ರೂ ಗೆಲ್ತಾರ. ನನ್ನ ಕೂಡ ಕನ್ನಡದಾಗ ಮಾತಾಡಿ ಗೆಲ್ಲು ನೋಡೋಣು" ಅಂದರು. ಎಂಟನೇ ವಯಸ್ಸಿಗೆ ಬೆಂಗಳೂರು ಬಿಟ್ಟ ನನ್ನಲ್ಲಿ ಕನ್ನಡ ಉಳಿದದ್ದು ಭಾಷಾಭಿಮಾನದಿಂದಲ್ಲ, ಈ ಮನುಷ್ಯನನ್ನು ಒಮ್ಮೆಯಾದರೂ ಸೋಲಿಸಬೇಕೆಂಬ ಹಟದಿಂದ. ಒಂದು ಚೌತಿಯ ದಿನ ಅವರ ಮನೆಯಲ್ಲೇ ಕೂತು ದೇವರಿಲ್ಲವೆಂದು ಸಾಧಿಸಿದೆ. ಪೂರ್ತಿ ಕೇಳಿಸಿಕೊಂಡು, "ಆತಪಾ, ಇಲ್ಲ. ಇಲ್ಲದವಗ ಮಾಡಿದ ಕಡಬು ಆರಾಕತ್ತಾವ, ತಿನ್ನು" ಅಂದರು. ಕೋವಿಡ್ ಕಾಲದಲ್ಲಿ ಬೇಲಿಯ ಆಚೀಚೆ ಕುರ್ಚಿ ಹಾಕಿಕೊಂಡು ಜಗಳವಾಡಿದೆವು. ಮಾಸ್ಕಿನಿಂದಾಗಿ ತುಟಿ ಕೈಗೆ ಸಿಗದೆ ಅವರು ಚಡಪಡಿಸುತ್ತಿದ್ದರು.

ಆಮೇಲೆ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ಎರಡು ಬಗೆಯ ಕೀಮೋ ಆಯಿತು, ಎರಡೂ ನಾಟಲಿಲ್ಲ. ಎರಡು ತಾಸು ದೂರದ ಗ್ಲೆಂಡೇಲ್‌ನಲ್ಲಿದ್ದ ಅವರ ಮಗಳು, ನಾನು ಅಕ್ಕ ಅನ್ನುತ್ತಿದ್ದವಳು, ಒಂದು ಭಾನುವಾರ ಊಟಕ್ಕೆ ಕರೆದಳು. ಡ್ರೈವ್ ಮಾಡಿದವನು ನಾನು. ಲಾಂಗ್ ಬೀಚ್ ದಾಟಿದ ಮೇಲೆ ಅಂಕಲ್, "ಇನ್ನೂ ಟೈಮ್ ಐತಿ. ಲಿಟಲ್ ಟೋಕಿಯೊದಾಗ ಒಂದು ಸಣ್ಣ ಮ್ಯೂಸಿಯಂ ಐತಂತ, ನಡಿ" ಅಂದರು.

ಜಪಾನಿನ ನೆಬುತಾ ಎಂಬ ಬೇಸಿಗೆ ಹಬ್ಬಕ್ಕೇ ಮೀಸಲಾದ ಎರಡು ಕೋಣೆಗಳು. ಒಳಗೆ ತಂತಿಯ ಹಂದರಕ್ಕೆ ಕಾಗದ ಅಂಟಿಸಿ ದೀಪವಿಟ್ಟ ಒಬ್ಬ ವೀರನ ತಲೆ. ನಮ್ಮ ಕಾರಿಗಿಂತ ದೊಡ್ಡದು. ಹುಬ್ಬು ಗಂಟಿಕ್ಕಿ ಬಾಗಿಲಿಗೆ ಬಂದವರನ್ನೆಲ್ಲ ಗದರಿಸುವಂತಿತ್ತು. ಅಲ್ಲಿದ್ದ ಜಪಾನಿ ಅಜ್ಜಿ ವಿವರಿಸಿದರು: ಇಂಥವನ್ನು ತಿಂಗಳುಗಟ್ಟಲೆ ಕಟ್ಟುತ್ತಾರೆ, ಕೆಲವೇ ರಾತ್ರಿ ಬೀದಿಯಲ್ಲಿ ಎಳೆಯುತ್ತಾರೆ, ಹಬ್ಬ ಮುಗಿದ ಮೇಲೆ ಒಡೆದು ಹಾಕುತ್ತಾರೆ. ಇದೊಂದನ್ನು ಮಾತ್ರ ಮ್ಯೂಸಿಯಂನವರು ಕೇಳಿ ಉಳಿಸಿಕೊಂಡಿದ್ದರಂತೆ.

"ಕಟ್ಟಿದವರು ಬಂದು ನೋಡಿದ್ದಾರಾ?" ಎಂದು ಅಂಕಲ್ ಇಂಗ್ಲಿಷಿನಲ್ಲಿ ಕೇಳಿದರು.

"ಕರೆದಿದ್ದೆವು. ಮುಂದಿನ ವರ್ಷದ್ದನ್ನು ಕಟ್ಟಬೇಕು, ಬಿಡುವಿಲ್ಲ ಅಂದರು."

ಅಂಕಲ್ ಜೋರಾಗಿ ನಕ್ಕರು, ಆಮೇಲೆ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಅಜ್ಜಿ ಆಚೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ಮೂರನೇ ಔಷಧ ಕೊಡ್ತಾರಂತ. ಮೂರು ತಿಂಗಳು ಹೆಚ್ಚು ಬದುಕಬಹುದಂತ, ವಾಂತಿ ಮಾಡ್ಕೋತ. ನಂಗ ಬ್ಯಾಡ. ಮಗಳು ಕೇಳೂದಿಲ್ಲ. ಇವತ್ತ ನೀ ಹೇಳು."

ನನಗೆ ಸಿಟ್ಟು ಬಂತು. "ಇದಕ್ಕೋಸ್ಕರ ಇಲ್ಲಿಗೆ ಕರ್ಕೊಂಡು ಬಂದ್ರಾ? ಒಡೆಯೋದನ್ನ ಒಡೀಬೇಕು, ಹೋಗೋರನ್ನ ಕಳಿಸಬೇಕು ಅಂತಾನಾ? ಹೋಲಿಕೆನೇ ತಪ್ಪು ಅಂಕಲ್. ಕಾಗದಕ್ಕೆ ಮಗಳಿಲ್ಲ."

"ಹೌದಲ್ಲ! ಅದಕ್ಕ ನಿನ್ನ ಕರಕೊಂಡು ಬಂದೀನಿ. ಈ ದಡ್ಡ ಹೋಲಿಕಿ ಅಲ್ಲಿ ಹೇಳಿದ್ರ ಆಕಿ ಒಂದ ಏಟಿಗೆ ಮುರೀತಾಳ. ನೀ ಬ್ಯಾರೆ ಏನಾರ ಹೇಳು."

"ನಾನು ಒಪ್ಪದೇ ಇರೋದನ್ನ ಹೆಂಗೆ ಹೇಳ್ಲಿ?"

"ಡಿಬೇಟ್‌ನ್ಯಾಗ ಒಪ್ಪಿ ಹೇಳ್ತಿದ್ದೇನು? ನಾಣ್ಯ ಹಾರಿಸಿ ಪಕ್ಷ ಕೊಡ್ತಿದ್ರಲ್ಲ. ನಂದೂ ಒಂದು ಪಕ್ಷ, ತಮ್ಮಾ. ಹಿಡಿಯಾಕ ಬ್ಯಾರೆ ಯಾರೂ ಇಲ್ಲ."

ಗ್ಲೆಂಡೇಲ್‌ನಲ್ಲಿ ಊಟವಾದ ಮೇಲೆ ಅಕ್ಕ ಆಸ್ಪತ್ರೆಯ ಮಾತೆತ್ತಿದಳು. ಈ ದೇಶದಲ್ಲೇ ಹುಟ್ಟಿದವಳು ಅವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ನಾನು ದೊಡ್ಡ ಭಾಷಣವನ್ನೇನೂ ಮಾಡಲಿಲ್ಲ. ಔಷಧದಿಂದ ಗುಣವಾಗುತ್ತದಾ ಎಂದು ಕೇಳಿದೆ. ಇಲ್ಲ ಅಂದಳು. ನೋವು ಕಡಿಮೆಯಾಗುತ್ತದಾ? ಅದೂ ಇಲ್ಲ. ಮತ್ತೇನು ಸಿಗುತ್ತದೆ? "ಸಮಯ" ಅಂದಳು.

"ಯಾರಿಗೆ?" ಅಂದೆ.

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಗರಾಜಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ವಾರವೇ ಆಸ್ಪತ್ರೆಗೆ ಹೋಗಿ ಆ ಔಷಧ ಬೇಡವೆಂದು ಹೇಳಿ ಬಂದಳು. ನಾನು ಗೆದ್ದಿದ್ದೆ. ಆ ಭಾನುವಾರ ಮನೆಗೆ ವಾಪಸು ಬರುವಾಗ ಅಂಕಲ್ ನನ್ನ ಭುಜದ ಮೇಲೆ ಇಟ್ಟ ಕೈಯನ್ನು ಬಹಳ ಹೊತ್ತು ತೆಗೆದಿರಲಿಲ್ಲ.

ಚಳಿಗಾಲಕ್ಕೆ ಮೊದಲೇ, ಸ್ಯಾನ್ ಡಿಯೆಗೊದ ತಮ್ಮ ಮಂಚದ ಮೇಲೆ, ಹೆಚ್ಚು ಹಿಂಸೆಯಿಲ್ಲದೆ ಅವರು ಹೋದರು. ಕೊನೆಯ ವಾರದಲ್ಲೂ ಉಪ್ಪಿಟ್ಟು ತಿಂದರು, ನನ್ನ ಉಚ್ಚಾರ ತಿದ್ದಿದರು. ಅವರು ಕೇಳಿದ್ದು ಅವರಿಗೆ ಸಿಕ್ಕಿತು. ಅದು ತಪ್ಪೆಂದು ಯಾರೇ ವಾದಿಸಿದರೂ ನಾನು ಎದುರು ನಿಲ್ಲಬಲ್ಲೆ.

ಅಸ್ಥಿಯನ್ನು ಸಮುದ್ರಕ್ಕೆ ಬಿಟ್ಟು ದೋಣಿ ದಡಕ್ಕೆ ಬರುತ್ತಿದ್ದಾಗ ಅಕ್ಕ ನನ್ನ ಪಕ್ಕಕ್ಕೆ ಬಂದು ಕೂತಳು.

"ಸಮಯ ಯಾರಿಗೆ ಅಂತ ಕೇಳಿದೆಯಲ್ಲ. ನನಗೆ. ನನಗೇ ಬೇಕಾಗಿತ್ತು. ಮಗಳು ಹಾಗೆ ಬಯಸೋದು ತಪ್ಪಾ?"

"ತಪ್ಪಲ್ಲ" ಅಂದೆ.

"ಅವತ್ತೂ ಹಾಗೇ ಅನ್ನಿಸಿತ್ತಾ ನಿನಗೆ?"

ನಾನು ಹೌದು ಅಂದೆ. ದೋಣಿ ನಿಲ್ಲುವವರೆಗೂ ಅವಳು ಎದ್ದು ಹೋಗಲಿಲ್ಲ, ಮುಖವನ್ನು ಮಾತ್ರ ಸಮುದ್ರದ ಕಡೆ ತಿರುಗಿಸಿಕೊಂಡಳು.