ಟೀಚರ್ ಹೆಸರಿನ ಪಕ್ಕದ ಪದ

ನನ್ನ ಅಕ್ಕ ದರ್ಜಿ. ಹೆಂಗಸರ ಕೋಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಮೂವತ್ತೊಂದು ವರ್ಷ ಒಂದೇ ಅಂಗಡಿ, ಒಂದೇ ಕತ್ತರಿ, ಒಂದೇ ಮುಂಗೋಪ. ಕತ್ತರಿಸುವುದು, ಹೊಲಿಯುವುದು ಅವಳದು. ಗುಂಡಿ, ಕಾಜಾ, ಅಳತೆ ಪುಸ್ತಕ ನನ್ನದು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವಳು ಅಳತೆ ಹೇಳುತ್ತಿದ್ದಳು. ಅದು ನನ್ನೊಬ್ಬಳಿಗೇ ಅರ್ಥವಾಗುತ್ತಿತ್ತು.

ಪುಸ್ತಕದಲ್ಲಿ ಗಿರಾಕಿಗೊಂದು ಪುಟ. ಹೆಸರು, ಅದರ ಪಕ್ಕದಲ್ಲಿ ಒಂದು ಪದ, ಆಮೇಲೆ ಅಳತೆ. ಮೊದಲೆಲ್ಲ 'ಪೀಡೆ', 'ತಲೆನೋವು' ಎಂದೇ ಬರೆಸುತ್ತಿದ್ದಳು. ಆ ಪದ ನೋಡಿಕೊಂಡೇ ಕೆಲಸ ನಡೆಯುತ್ತಿತ್ತು. ಪೀಡೆಗೆ ಹೇಳಿದ ದಿನಕ್ಕಿಂತ ಎರಡು ದಿನ ಮುಂಚೆ ಹೊಲಿದಿಡಬೇಕು, ತಲೆನೋವಿಗೆ ಒಳಗೆ ಒಂದಿಂಚು ಬಟ್ಟೆ ಹೆಚ್ಚಿಗೆ ಬಿಡಬೇಕು. ಒಂದು ದಿನ ಬ್ಯಾಂಕ್ ಮ್ಯಾನೇಜರ್ ಹೆಂಡತಿ ಮೇಜಿನ ಆ ಬದಿಯಿಂದ ತಲೆಕೆಳಗಾಗಿಯೇ ತನ್ನ ಪುಟ ಓದಿಬಿಟ್ಟಳು. "ಯಾರ್ರೀ ಪೀಡೆ?" ಎಂದು ಶುರುವಾದದ್ದು ಬೀದಿಯವರೆಲ್ಲ ಸೇರುವ ತನಕ ನಿಲ್ಲಲಿಲ್ಲ. ನಾನು ಕಾಜಾ ಹೊಲಿಯುವ ನೆಪದಲ್ಲಿ ತಲೆ ಎತ್ತಲೇ ಇಲ್ಲ.

ಆಗ ಕನ್ನಡಿ ಮುಂದೆ ಅರ್ಧ ಹೊಲಿದ ಕೋಟು ಹಾಕಿಕೊಂಡು ನಿಂತಿದ್ದವರು ಎದುರು ಬೀದಿಯ ಹೈಸ್ಕೂಲಿನ ಇಂಗ್ಲಿಷ್ ಟೀಚರ್. ಗಲಾಟೆ ಮುಗಿದ ಮೇಲೆ ಅವರು ನಕ್ಕರು. "ಬಯ್ಯೋದಾದ್ರೂ ಇಸ್ತ್ರಿ ಮಾಡಿ ಬಯ್ಬೇಕಮ್ಮ. ನಾನು ಪದ ಕೊಡ್ತೀನಿ, ಬರ್ಕೊಳ್ಳಿ."

ಅವತ್ತಿನಿಂದ ಬಂದಾಗಲೆಲ್ಲ ಒಂದೊಂದು ಪದ ಕೊಟ್ಟರು. ಸಣ್ಣಪುಟ್ಟದ್ದಕ್ಕೂ ಚಡಪಡಿಸುವವರು ಫಸ್ಸಿ. ಹತ್ತು ಬಟ್ಟೆ ಕೆಡವಿಸಿ ಹನ್ನೊಂದನೆಯದೂ ಬೇಡ ಎನ್ನುವವರು ಪಿಕ್ಕಿ. ನೂಲಿನ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ಮೂಗು ಮುರಿಯುವವರು ಫಿನಿಕಿ. ಇವತ್ತು ಕೊಟ್ಟು ನಿನ್ನೆಗೇ ಬೇಕು ಎನ್ನುವವರು ಡಿಮ್ಯಾಂಡಿಂಗ್. ನಾನು ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಸೂಜಿಗಳ ನಡುವಿನಿಂದ ಅಕ್ಕ 'ಫಿನಿಕಿ' ಎಂದರೆ ಸೀನಿದ ಹಾಗೆ ಕೇಳುತ್ತಿತ್ತು. ಯಾವ ಗಿರಾಕಿ ಓದಿದರೂ ಜಗಳವಾಗಲಿಲ್ಲ. ಒಬ್ಬಾಕೆಯಂತೂ ಇಂಗ್ಲಿಷ್ ಪದ ನೋಡಿ ಹೊಗಳಿಕೆ ಎಂದುಕೊಂಡು ಖುಷಿಪಟ್ಟಳು.

ಕೊನೆಗೆ, ಏನು ಮಾಡಿದರೂ ಮೆಚ್ಚದವರಿಗೆ 'ಇಂಪಾಸಿಬಲ್' ಕೊಟ್ಟರು. "ಇದನ್ನ ಯಾರಿಗೂ ಬರೀಬೇಡಿ. ಇದನ್ನ ಬರೆದ್ಮೇಲೆ ನೀವು ಆ ಮನುಷ್ಯರನ್ನ ನೋಡೋದೇ ಬಿಟ್ಬಿಡ್ತೀರ" ಎಂದರು.

"ಹಾಗಾದ್ರೆ ನೀವು ಯಾವುದು ಟೀಚರ್?" ಎಂದು ಅಕ್ಕ ಕೇಳಿದಳು.

"ನಾನು ಎಗ್ಸ್ಯಾಕ್ಟಿಂಗ್. ಕೆಲಸ ಒಂದೆಳೆ ಆಚೀಚೆ ಆಗ್ಬಾರದು ಅನ್ನೋರು. ಆದ್ರೆ ತಮಗೂ ಅದೇ ಅಳತೆ. ಊರಿಗೊಂದು ಟೇಪು, ತಮಗೊಂದು ಟೇಪು ಇಟ್ಕೊಂಡಿರಲ್ಲ."

ಅಕ್ಕನಿಗೆ ಆ ಪದ ತುಂಬಾ ಹಿಡಿಸಿತು. ತಾನೂ ಅದೇ ಜಾತಿ ಎಂದುಕೊಂಡಳೇನೋ. ಟೀಚರ್ ಹೆಸರಿನ ಪಕ್ಕದಲ್ಲಿ ಅದನ್ನೇ ಬರೆಸಿದಳು. ಟೀಚರ್ ಇದ್ದದ್ದೂ ಹಾಗೇ. ಅಷ್ಟು ವರ್ಷಗಳಲ್ಲಿ ಒಂದು ಸಲವೂ 'ಚೆನ್ನಾಗಿದೆ' ಎಂದವರಲ್ಲ. ಕನ್ನಡಿ ಮುಂದೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, "ಕಾಲರ್ ನೋಡಿ, ಒಂದು ಪಕ್ಕ ಎದ್ದಿದೆ" ಎನ್ನುವರು. ಅಕ್ಕ ಗೊಣಗುತ್ತಾ ಬಿಚ್ಚುವಳು. ಬಿಚ್ಚಿ ನೋಡಿದರೆ ಟೀಚರ್ ಹೇಳಿದ್ದೇ ಸರಿ ಇರುತ್ತಿತ್ತು.

ನಿವೃತ್ತಿಯಾದ ವರ್ಷ ಬೂದು ಬಣ್ಣದ ಕೋಟು ಹೊಲಿಸಿಕೊಂಡರು. ತಿಂಗಳಾಗುವಷ್ಟರಲ್ಲಿ ವಾಪಸ್ ತಂದರು. "ಸೊಂಟದಲ್ಲಿ ಸಡಿಲ ಇದೆ. ಈ ಸಲ ನೀವು ಮನಸ್ಸಿಟ್ಟು ಹೊಲಿದಿಲ್ಲ."

ಹಳೆ ಗಿರಾಕಿಗಳ ರಿಪೇರಿಗೆ ನಮ್ಮಲ್ಲಿ ಟೇಪು ಹಿಡಿಯುವ ರೂಢಿ ಇರಲಿಲ್ಲ. ಕೋಟು ಹಾಕಿಸಿ, ಹೆಚ್ಚಾದ ಬಟ್ಟೆ ಚಿವುಟಿ ಸೂಜಿ ಚುಚ್ಚಿ, ಚಿವುಟಿದ್ದು ಎಷ್ಟೋ ಅಷ್ಟನ್ನು ಬರೆದರೆ ಮುಗಿಯಿತು. ಅರ್ಧ ಇಂಚು ಎಂದು ಬರೆದೆ. ಮುಂದಿನ ತಿಂಗಳು ಮತ್ತೆ ಬಂದರು. ಮುಕ್ಕಾಲು. ಆಮೇಲೆ ಮತ್ತೆ ಅರ್ಧ, ಮತ್ತೆ ಮುಕ್ಕಾಲು. ಐದನೆಯ ಸಲ ಅವರು ಮೆಟ್ಟಿಲು ಹತ್ತುವುದು ಕಂಡಾಗಲೇ ಅಕ್ಕ ನನ್ನ ಕಡೆ ತಿರುಗಿ, "ಆ ಎಗ್ಸ್ಯಾಕ್ಟಿಂಗ್ ಹೊಡೆದ್ಹಾಕು. ಇಂಪಾಸಿಬಲ್ ಅಂತ ಬರಿ" ಎಂದಳು. ನನಗೂ ರೋಸಿಹೋಗಿತ್ತು. ಬರೆದೆ. ಅದರ ಕೆಳಗೆ ಒಂದಿಂಚು ಎಂದೂ ಬರೆದೆ.

ಆರನೆಯ ಸಲವೂ ಒಂದಿಂಚು. ಹೊಲಿದ ಕೋಟನ್ನು ಮೇಜಿನ ಮೇಲಿಟ್ಟು ಅಕ್ಕ, "ಇನ್ಮೇಲೆ ಬೇರೆ ಕಡೆ ಕೊಡಿ ಟೀಚರ್. ನಿಮ್ಮನ್ನ ಮೆಚ್ಚಿಸೋದು ನನ್ನ ಕೈಲಾಗಲ್ಲ" ಎಂದಳು.

ಟೀಚರ್ ಕೋಟನ್ನು ನೀಟಾಗಿ ಮಡಚಿ ಚೀಲದಲ್ಲಿಟ್ಟುಕೊಂಡು ಹೋದರು.

ಎರಡು ತಿಂಗಳಾದ ಮೇಲೆ ಅವರ ಮಗಳು ಬಂದಳು. ಕೈಯಲ್ಲಿ ಅದೇ ಚೀಲ.

"ಅಮ್ಮ ಹಾಸಿಗೆ ಹಿಡಿದಿದ್ದಾರೆ. ಹೊಟ್ಟೇಲಿ ಗಡ್ಡೆ. ತಡವಾಗಿ ಬಂದ್ರಿ ಅಂತ ಡಾಕ್ಟರು ಕೈಚೆಲ್ಲಿಬಿಟ್ರು. ಶನಿವಾರ ಅವರ ಹಳೆ ಸ್ಟೂಡೆಂಟ್ಸ್ ನೋಡೋಕೆ ಬರ್ತಾರೆ. ಕೋಟು ಹಾಕ್ಕೊಂಡೇ ಕೂತ್ಕೋತೀನಿ, ಅದು ಸರಿಯಾಗಿ ಕೂರ್ಬೇಕು ಅಂತ ಹಟ. ಬೇರೆ ಟೈಲರ್ ಹತ್ರ ಕೊಡ್ತೀನಿ ಅಂದ್ರೆ ಕೇಳ್ತಿಲ್ಲ."

ನಾನು ಪುಸ್ತಕ ತೆಗೆದೆ. ಅರ್ಧ, ಮುಕ್ಕಾಲು, ಅರ್ಧ, ಮುಕ್ಕಾಲು, ಒಂದು, ಒಂದು. ಒಂದರ ಕೆಳಗೊಂದು, ನನ್ನದೇ ಅಕ್ಷರ. ಆ ದಿನದ ತನಕ ಅವನ್ನು ಕೂಡಿಸಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಕೂಡಿಸಿದರೆ ನಾಲ್ಕೂವರೆ ಇಂಚು, ಮೂವತ್ತೆರಡಿದ್ದ ಸೊಂಟದಲ್ಲಿ. ಕಣ್ಣೆದುರು ಒಬ್ಬ ಹೆಂಗಸು ಕರಗುತ್ತಿದ್ದಳು. ನಾವು ಹೆಸರಿನ ಪಕ್ಕದ ಪದ ಓದಿಕೊಂಡು ಸಿಡುಕುತ್ತಾ ಕೂತಿದ್ದೆವು. ಅಕ್ಕ ಪುಟದ ಮೇಲೆ ಬೆರಳಿಟ್ಟು ಕೊನೆಯ ಸಾಲಿನ ತನಕ ಬಂದಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ ಟೇಪು ಕೊರಳಿಗೆ ಹಾಕಿಕೊಂಡು, ಕೋಟಿನ ಚೀಲ ಎತ್ತಿಕೊಂಡು, "ನಡಿ" ಎಂದಳು.

ಟೀಚರ್ ಮನೆ ಮೂರನೆಯ ಮಹಡಿಯಲ್ಲಿತ್ತು. ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದರು. ಅಕ್ಕ ಸೊಂಟಕ್ಕೆ ಟೇಪು ಸುತ್ತಿದಳು. ಅಂಕಿ ನೋಡಿದಳು. ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ.

"ಜೋರಾಗಿ ಹೇಳಿ. ಬರ್ಕೊಳ್ಳೋರಿಗೆ ಕೇಳ್ಬೇಕಲ್ಲ" ಎಂದರು ಟೀಚರ್.

"ಇಪ್ಪತ್ತಾರು" ಎಂದಳು ಅಕ್ಕ. ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತಳು. "ತಪ್ಪಾಯ್ತು ಟೀಚರ್. ಕೈಯಲ್ಲಿ ಹಿಡಿದು ಚಿವುಟಿದೋಳು ನಾನು. ಒಂದು ಸಲ ಡಾಕ್ಟರಿಗೆ ತೋರಿಸಿ ಅಂತ ನನ್ನ ಬಾಯಿಗೆ ಬರ್ಲಿಲ್ಲ."

"ನನಗೇನು ಗೊತ್ತಾಗ್ತಿರ್ಲಿಲ್ವಾ? ನಿಮ್ಮ ಹೊಲಿಗೆ ಅಷ್ಟೊಂದು ತಪ್ಪೋದಲ್ಲ." ಟೀಚರ್ ಮಡಿಲಲ್ಲಿದ್ದ ಕೋಟಿನ ತೋಳು ಸವರುತ್ತಿದ್ದರು. "ಇದೊಂದು ಸಲ ತಪ್ಪಿರಲಿ ಅಂತ ಆಸೆ. ಅದಕ್ಕೇ ಮತ್ತೆ ಮತ್ತೆ ಬರ್ತಿದ್ದೆ."

ಅಕ್ಕ ಕೋಟನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕತ್ತರಿಸಿದಳು. ಎರಡು ದಿನ ಬೇರೆ ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ. ಸೂಜಿಯ ಕಣ್ಣು ಪದೇ ಪದೇ ತಪ್ಪುತ್ತಿತ್ತು. ದಾರ ಪೋಣಿಸಿ ಕೊಡಲು ನನ್ನನ್ನು ಕರೆಯುತ್ತಿದ್ದಳು.

ಶನಿವಾರ ಬೆಳಿಗ್ಗೆ ಮಗಳು ಕನ್ನಡಿ ಹಿಡಿದುಕೊಂಡಳು. ಟೀಚರ್ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಕಾಲರ್ ನೋಡಿದರು, ತೋಳು ನೋಡಿದರು. ನಾನು ಪೆನ್ನು ಹಿಡಿದು ಕಾದೆ.

"ಚೆನ್ನಾಗಿದೆ" ಎಂದರು.

ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ಟೇಪು ಸುತ್ತಿಕೊಂಡು ಹೊರಗೆ ಬಂದಳು. ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಎಡತೋಳು ಅರ್ಧ ಇಂಚು ಉದ್ದ ಆಗಿದೆ ಕಣೇ. ಕನ್ನಡೀಲಿ ಅವರು ನೋಡಿದ್ರು, ನಾನೂ ನೋಡಿದೆ. ಬಿಚ್ಚಿ ಅಂತ ಒಂದು ಮಾತು ಅನ್ನಬಾರ್ದಿತ್ತಾ?"